ಭಜ್ಜಿಗೆ ಎರಡು ಖಾರ, ಮಾಲ್ದಿಗೆ ಎರಡು ಹಬ್ಬ

ಸೇಡಂನಲ್ಲಿ ರೈಲು ಹತ್ತಿ ತಾಂಡೂರಿನ ಕಡೆ ಹೊರಟ ಹೆಂಗಸರು ಕನ್ನಡದಲ್ಲಿ ಶುರು ಮಾಡಿದ ಮಾತು ನವಾಂದಗಿ ಬರುವಷ್ಟರಲ್ಲಿ ತೆಲುಗಿಗೆ ಹೊರಳಿರುತ್ತದೆ. ನಡುವೆ ಚಹಾದವನ ಜೊತೆ ದಖನಿಯಲ್ಲೂ ಎರಡು ಮಾತು ಆಗಿರುತ್ತವೆ. ಭಾಷೆ ಮೂರಾದರೂ ವಿಷಯ ಒಂದೇ: ತವರಿನಲ್ಲಿ ಪುಂಡಿ ಪಲ್ಯಕ್ಕೆ ಬೆಳ್ಳುಳ್ಳಿ ಎಷ್ಟು, ಗಂಡನ ಮನೆಯಲ್ಲಿ ಎಷ್ಟು.

ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹೋಗುವ ಈ ಹಳಿ 1874ರದು. ಆಗ ಈಗಿನ ಗಡಿಯ ಎರಡೂ ಕಡೆ ನಿಜಾಮರದೇ ಆಳ್ವಿಕೆ. 1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಸೇಡಂ, ಚಿತ್ತಾಪುರ, ಚಿಂಚೋಳಿ ಅಂದಿನ ಮೈಸೂರು ರಾಜ್ಯಕ್ಕೆ ಬಂದವು. ಶಾಲೆಯ ಪುಸ್ತಕ, ಪಹಣಿ, ಬಸ್ಸಿನ ಬೋರ್ಡು ಬೇರೆಬೇರೆಯಾದವು. ಹೆಣ್ಣು ಕೊಟ್ಟು ತರುವುದು ಮಾತ್ರ ನಿಲ್ಲಲಿಲ್ಲ.

ಹೀಗೆ ಬಂದ ಸೊಸೆಗೆ ಗಡಿನಾಡಿನಲ್ಲಿ ಮೊದಲ ದೊಡ್ಡ ಪರೀಕ್ಷೆ ಎಳ್ಳಮಾವಾಸ್ಯೆಯ ಭಜ್ಜಿ. ಅದು ಎಣ್ಣೆಯಲ್ಲಿ ಕರಿಯುವ ಭಜಿಯಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಅಲಸಂದಿ ಕಾಳುಗಳನ್ನು ಹಿಂದಿನ ದಿನವೇ ಸುಲಿದಿಟ್ಟುಕೊಳ್ಳಬೇಕು. ಬದ್ನಿಕಾಯಿ, ಮೆಂತ್ಯ ಸೊಪ್ಪು, ಹಸಿ ಉಳ್ಳಾಗಡ್ಡಿ, ಹೊಲದಲ್ಲಿ ಆ ವೇಳೆಗೆ ಸಿಕ್ಕ ಇನ್ನಷ್ಟು ಸೊಪ್ಪು ಕೂಡಿಸಿ ಬೇಯಿಸಿ, ಹುಣಸೆ ಹುಳಿ ಹಿಂಡಿ, ಕೊನೆಗೆ ನೀರಲ್ಲಿ ಕಲೆಸಿದ ಕಡಲೆ ಹಿಟ್ಟು ಸುರಿಯುತ್ತಾರೆ. ಕೈ ಬಿಡದೆ ತಿರುವಿದರೆ ಗಟ್ಟಿಯಾಗಿ ಹೊಳೆಯುತ್ತದೆ, ಬಿಟ್ಟರೆ ಗಂಟು. ಇದರ ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ. ಬುತ್ತಿ ಕಟ್ಟಿ ಹೊಲಕ್ಕೆ ಹೋಗಿ, ಬೆಳೆಯ ಸುತ್ತ ಚರಗ ಚೆಲ್ಲಿದ ಮೇಲೆಯೇ ಊಟ.

ತಗಾದೆ ಏಳುವುದು ಒಲೆಯ ಮುಂದೆ. ತಾಂಡೂರು ಕಡೆಯ ಹುಡುಗಿ ರುಚಿ ನೋಡಿ ‘ಕಾರಂ ತಕ್ಕುವ ಅಯಿಂದಿ ಅತ್ತಮ್ಮಾ’, ಖಾರ ಕಡಿಮೆ ಆಯಿತು, ಅನ್ನುತ್ತಾಳೆ. ‘ಹೊಲ್ದಾಗ ಸಣ್ ಹುಡುಗ್ರೂ ಉಣ್ತಾವವ್ವಾ, ಇಷ್ಟ್ ಸಾಕು’ ಅಂತ ಅತ್ತೆ. ಇಬ್ಬರೂ ತಂತಮ್ಮ ಭಾಷೆಯಲ್ಲೇ ಜಗಳಾಡುತ್ತಾರೆ, ಇಬ್ಬರಿಗೂ ಪೂರ್ತಿ ಅರ್ಥವಾಗುತ್ತದೆ. ಕೆಲವು ವರ್ಷ ಕಳೆದ ಮೇಲೆ ಆ ಮನೆಯ ಭಜ್ಜಿ ಅತ್ತೆಯದೂ ಅಲ್ಲ, ಸೊಸೆಯದೂ ಅಲ್ಲ ಎಂಬ ಖಾರಕ್ಕೆ ಬಂದು ನಿಂತಿರುತ್ತದೆ. ಮೊಮ್ಮಕ್ಕಳು ಅದನ್ನೇ ‘ನಮ್ಮನಿ ರುಚಿ’ ಅಂದುಕೊಂಡು ಬೆಳೆಯುತ್ತಾರೆ.

ಅಡುಗೆಮನೆ ಇಷ್ಟು ಸಲೀಸಾಗಿ ಒಂದಾಗಲು ಮಣ್ಣೂ ಕಾರಣ. ಸುಣ್ಣದಂಶ ತುಂಬಿದ ಕರಿಮಣ್ಣು ಗಡಿಯ ಎರಡೂ ಬದಿಗೆ ಹಬ್ಬಿದೆ, ಎರಡೂ ಕಡೆ ತೊಗರಿಯೇ ದೊಡ್ಡ ಬೆಳೆ. ಕಾಗದದಲ್ಲಿ ಮಾತ್ರ ಬೇರೆ: ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು, ತಾಂಡೂರು ಕಂದಿಗೆ, ಅಂದರೆ ಅಲ್ಲಿನ ತೊಗರಿಗೆ, 2022ರಲ್ಲಿ. ತವರಿನಿಂದ ಬಂದ ಬೇಳೆ ಬೇಗ ಬೇಯುತ್ತದೋ ಗಂಡನ ಊರಿನದೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಇನ್ನೊಂದು ತಿನಿಸು ಭಾಷೆಯ ಜೊತೆ ಧರ್ಮದ ಗೆರೆಯನ್ನೂ ದಾಟಿದೆ. ಅದು ಮಾಲ್ದಿ. ತರಿತರಿ ಗೋಧಿ ಹಿಟ್ಟಿನ ದಪ್ಪ ರೊಟ್ಟಿ ಬೇಯಿಸಿ, ಬಿಸಿ ಇರುವಾಗಲೇ ಮುರಿದು ಬೆಲ್ಲ ಹಾಕಿ ಕುಟ್ಟಬೇಕು. ರೊಟ್ಟಿಯ ಕಾವಿಗೇ ಬೆಲ್ಲ ಕರಗಿ ಹಿಡಿದುಕೊಳ್ಳುತ್ತದೆ. ಆರಿದ ರೊಟ್ಟಿಯಾದರೆ ಉಂಡೆ ಕಟ್ಟುವಾಗ ಉದುರುತ್ತದೆ. ಮೇಲೆ ಏಲಕ್ಕಿ, ಗಸಗಸೆ, ಒಣಕೊಬ್ಬರಿ, ಚೂರು ತುಪ್ಪ. ಮೊಹರಂನಲ್ಲಿ ಅಲಾಯಿ ದೇವರಿಗೆ ಚೊಂಗೆಯ ಜೊತೆ ಈ ಮಾಲ್ದಿ ಒಯ್ಯುವವರಲ್ಲಿ ಮುಸ್ಲಿಮರಷ್ಟೇ ಅಲ್ಲ, ಹರಕೆ ಹೊತ್ತ ಹಿಂದೂ ಮನೆಗಳವರೂ ಇದ್ದಾರೆ. ಗಡಿಯಾಚೆ ದಸರೆಯ ಹೊತ್ತಿಗೆ ಬತುಕಮ್ಮ ಆಡುವ ಹೆಂಗಸರು ಕೊನೆಯ ದಿನ ಹಂಚುವುದೂ ಮಲೀದ ಎಂದು ಕರೆಯುವ ಇದೇ ಮಾಲ್ದಿಯ ಮುದ್ದೆ. ಅಲ್ಲಿಂದ ಸೇಡಂಗೆ ಬಂದ ಸೊಸೆಗೆ ಅಲಾಯಿ ದೇವರ ಮಾಲ್ದಿ ಮಾಡಲು ಯಾರೂ ಹೇಳಿಕೊಡಬೇಕಿಲ್ಲ.

ಹಳೆಯದೆಲ್ಲ ಉಳಿದಿದೆ ಎಂದೇನಲ್ಲ. ಜೋಳದ ನುಚ್ಚು, ಅಂಬಲಿ, ಗಡಿಯಾಚೆಯ ಗಟಕ ಒಂದು ಕಾಲಕ್ಕೆ ದಿನದ ಊಟ. 1983ರಲ್ಲಿ ಆಂಧ್ರಪ್ರದೇಶದ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ ಎರಡು ರೂಪಾಯಿಯ ಅಕ್ಕಿ ಕೊಟ್ಟಿತು. ಈಚೆ 2013ರಲ್ಲಿ ಅನ್ನಭಾಗ್ಯ ಬಂತು. ನುಚ್ಚು ಒಡೆಯುವ ಬೀಸುವ ಕಲ್ಲು ಮೂಲೆ ಸೇರಿತು. ಅದನ್ನು ಕಳೆದುಕೊಂಡೆವೆಂದು ಅಜ್ಜಿಯರೇನೂ ಅಳುವುದಿಲ್ಲ. ಬಡತನದ ದಿನ ನೆನಪಿರುವವರಿಗೆ ಬಿಳಿ ಅನ್ನವೇ ಹಬ್ಬವಾಗಿತ್ತು. ಹಸಿವಿಗೆ ಕಟ್ಟುಬಿದ್ದ ಅಡುಗೆ ಹಸಿವಿನ ಜೊತೆಗೇ ಹೋಯಿತು. ಹಬ್ಬಕ್ಕೆ ಕಟ್ಟುಬಿದ್ದ ಭಜ್ಜಿ, ಮಾಲ್ದಿ ಉಳಿದವು. ವರ್ಷಕ್ಕೊಮ್ಮೆ ಮಾಡಲೇಬೇಕಾದ್ದರಿಂದ ಅವನ್ನು ಕೈ ಮರೆಯಲಿಲ್ಲ.

ಖಡಕ್ ರೊಟ್ಟಿ ಉಳಿದ ದಾರಿ ಬೇರೆ. ಸಣ್ಣ ಉರಿಯಲ್ಲಿ ನೀರಿನಂಶ ಪೂರ್ತಿ ಆರಿಸಿದ್ದರಿಂದ ಅದು ವಾರಗಟ್ಟಲೆ ಕೆಡದು. ಚಿಂಚೋಳಿಯ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವವರ ಗಂಟಿನಲ್ಲಿ ಅದು ಇದ್ದೇ ಇರುತ್ತದೆ. ವಾಡಿಯ ಸಿಮೆಂಟ್ ಕಾರ್ಖಾನೆ, ಶಹಾಬಾದಿನ ಕಲ್ಲು ಗಣಿಗೆ ಹೋದವರ ಡಬ್ಬಿಯಲ್ಲೂ ಅದೇ, ಜೊತೆಗೆ ಶೇಂಗಾ ಹಿಂಡಿ. ಊಟದ ಹೊತ್ತಲ್ಲಿ ತೆಲುಗು ಮನೆಯ ಉಪ್ಪಿನಕಾಯಿ ಕನ್ನಡದ ರೊಟ್ಟಿಗೆ ಸೇರುತ್ತದೆ. ಈಗ ಜಿಲ್ಲಾಡಳಿತ ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿಟ್ಟು ಆನ್‌ಲೈನಿನಲ್ಲೂ ಮಾರುತ್ತಿದೆ. 2025ರ ಜೂನ್ ತಿಂಗಳ ‘ಮನದ ಮಾತು’ ಕಾರ್ಯಕ್ರಮದಲ್ಲಿ ಪ್ರಧಾನಿಯೂ ಇದರ ಪ್ರಸ್ತಾಪ ಮಾಡಿದರು.

ಭಜ್ಜಿಗೆ ಪ್ಯಾಕೆಟ್ಟಿನ ಯೋಗ ಇನ್ನೂ ಬಂದಿಲ್ಲ. ಹಸಿ ಕಾಳು ಬೇಕು, ಅದಕ್ಕೆ ಹೊಲವೇ ಬೇಕು. ಹೈದರಾಬಾದಿನಲ್ಲಿ ನೆಲೆಸಿದ ಸೇಡಂ, ಚಿಂಚೋಳಿಯವರಿಗೆ ಅಮಾವಾಸ್ಯೆಗೆ ಊರಿಗೆ ಬರಲಾಗದಿದ್ದರೆ ತೊಗರಿಕಾಯಿ, ಹಸಿ ಕಡಲೆಯ ಚೀಲ ಬಸ್ಸಿನಲ್ಲಿ ಹೋಗುತ್ತದೆ. ಕಾಳು ಸುಲಿಯುತ್ತಾ ಮಗಳು ಫೋನ್ ಸ್ಪೀಕರಿಗೆ ಹಾಕುತ್ತಾಳೆ. ‘ಗಜ್ಜರಿ ಹಾಕ್ಲೇನ್ ಯವ್ವಾ?’ ‘ಯಾರ್ ಹಾಕ್ತಾರವ್ವಾ ಅದ?’ ಅಂತ ಈ ಕಡೆಯಿಂದ ಅವ್ವ. ‘ಮಾ ಅಮ್ಮ ವೇಸ್ತದಿ’, ನಮ್ಮಮ್ಮ ಹಾಕ್ತಾಳೆ, ಅಂತ ಪಕ್ಕದಲ್ಲಿದ್ದ ಅಳಿಯ ಬಾಯಿ ಹಾಕುತ್ತಾನೆ. ಗಜ್ಜರಿ ಬೀಳುತ್ತದೆ.