ಅರವಟ್ಟಿಗೆಯ ನಳ

ಬಾಯಾರಿದವನಿಗೆ ನೀರು ಕೊಡುವುದು ಪುಣ್ಯಕಾರ್ಯಗಳಲ್ಲೆಲ್ಲಾ ಸುಲಭವಾದುದೆಂದು ಲೋಕವು ತಿಳಿದಿದೆ. ಸುಲಭವೇನೋ ಅಹುದು, ಆದರೆ ಆ ನೀರನ್ನು ಯಾವ ಮಾರ್ಗವಾಗಿ ಕೊಡತಕ್ಕದ್ದೆಂಬ ಪ್ರಶ್ನೆಯು ಅಷ್ಟು ಸುಲಭವಾದುದಲ್ಲ. ಹುಬ್ಬಳ್ಳಿ-ಗುಂತಕಲ್ಲು ರೈಲುದಾರಿಯಿಂದ ಗಂಗಾವತಿಯ ಕಡೆಗೆ ಕವಲೊಡೆಯುವ ಊರು ಗಿಣಿಗೇರಾ. ಸುತ್ತಲೂ ಕಬ್ಬಿಣ ಉಕ್ಕುಗಳ ಕಾರ್ಖಾನೆಗಳು, ಹಗಲಿರುಳೂ ಓಡಾಡುವ ಲಾರಿಗಳು, ಮೇಲೆ ವೈಶಾಖದ ಬಿಸಿಲು. ಇಂತಹ ಊರಿನಲ್ಲಿ ಮನೆಯ ಮುಂದೆ ಒಂದು ಅರವಟ್ಟಿಗೆಯನ್ನಿಡಬೇಕೆಂದು ಸಂಕಲ್ಪಿಸಿದ ಗೃಹಸ್ಥನಿಗೆ ಮಣ್ಣಿನ ಹರವಿಯನ್ನು ಆರಿಸುವುದು ಗಳಿಗೆಯ ಕೆಲಸ. ಬೆರಳಿನಿಂದ ತಟ್ಟಿ ನಾದವನ್ನು ಕೇಳಿದರೆ ತೀರಿತು. ನಿಜವಾದ ತೊಡಕು ಹುಟ್ಟುವುದು ಅದಕ್ಕೆ ಜೋಡಿಸಬೇಕಾದ ನಳವನ್ನು ಆರಿಸುವಾಗ.

ತಂಬಿಗೆಯಿಂದ ಎತ್ತಿ ಹೊಯ್ದರೆ ಸಾಲದೇ, ನಳವೇತಕ್ಕೆ ಎಂದು ವಾಚಕರು ಕೇಳಬಹುದು. ಅಮರಕೋಶವು ಅರವಟ್ಟಿಗೆಯನ್ನು ಪ್ರಪಾ ಎಂದೂ ಪಾನೀಯಶಾಲಿಕಾ ಎಂದೂ ಹೆಸರಿಸುತ್ತದೆ. ಹೆಸರಿನಲ್ಲಿ ಶಾಲೆಯಿದ್ದರೂ ಅಲ್ಲಿ ಎಲ್ಲರಿಗೂ ಒಂದೇ ಪಾಠವಿರಲಿಲ್ಲ. ಹೊಯ್ಯುವವನು ಮೇಲೆ ನಿಂತಿರುವನು. ಕುಡಿಯುವವನು ಕೆಳಗೆ ಬೊಗಸೆಯೊಡ್ಡುವನು. ಅಸ್ಪೃಶ್ಯರೆನಿಸಿದವರಿಗಂತೂ ದೇಶದ ಹಲವೆಡೆಗಳಲ್ಲಿ ಬಿದಿರಿನ ಕೊಳವೆಯ ಮೂಲಕ ದೂರದಿಂದಲೇ ನೀರನ್ನು ಹರಿಸುತ್ತಿದ್ದರು. ಸಂಸ್ಕೃತದಲ್ಲಿ ನಲವೆಂದರೆ ಟೊಳ್ಳಾದ ಜೊಂಡು; ಈ ಸೀಮೆಯವರು ನಲ್ಲಿಗೆ ನಳವೆನ್ನುವುದು ಅದರಿಂದಲೇ. ಹೀಗೆ ನಳದ ಪೂರ್ವಜನು ಮನುಷ್ಯನನ್ನು ಮುಟ್ಟದಿರುವುದಕ್ಕಾಗಿ ಬಳಸಿದ ಸಾಧನವೂ ಆಗಿದ್ದನೆಂಬುದನ್ನು ಮರೆಯಲಾಗದು. ಸ್ವಾತಂತ್ರ್ಯಪೂರ್ವದ ರೈಲುನಿಲ್ದಾಣಗಳಲ್ಲಿ ಹಿಂದೂ ನೀರು ಬೇರೆ, ಮುಸಲ್ಮಾನ ನೀರು ಬೇರೆ. ೧೯೨೭ರಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡದ ಕೆರೆಯ ನೀರನ್ನು ಕುಡಿಯುವುದಕ್ಕೂ ಒಂದು ಸತ್ಯಾಗ್ರಹವನ್ನೇ ಹೂಡಬೇಕಾಯಿತು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಆದರೂ ತಂಬಿಗೆ ಹಿಡಿದವನೊಬ್ಬನು ನಿಂತಿರುವಷ್ಟು ಕಾಲ ಬಂದವನು ಕೇಳಿ ಕುಡಿಯಬೇಕು. ಕೇಳಿದವನ ಕುಲವನ್ನು ಹೊಯ್ಯುವವನು ಮನಸ್ಸಿನಲ್ಲಾದರೂ ಎಣಿಸುವನು. ಹರವಿಗೆ ನಳವಿದ್ದರೆ ಕೇಳುವ ಪ್ರಮೇಯವೇ ಇಲ್ಲ. ಮುಚ್ಚಳವನ್ನು ತೆರೆಯಬೇಕಾಗಿಯೂ ಇಲ್ಲ. ಗಾಳಿಯಲ್ಲಿ ಹಾರಿ ಬರುವ ಮಸಿಧೂಳು ನೀರಿಗೆ ಬೀಳದು.

ಅಂಗಡಿಯವನು ಮೊದಲು ತೋರಿಸುವುದು ಕ್ರೋಮಿಯಂ ಲೇಪದ ಹಿತ್ತಾಳೆಯ ನಳವನ್ನು. "ಅಜ್ಜಾರ, ಇದನ್ನ ಒಯ್ಯಿರಿ, ಬೆಳ್ಳಿ ಹೊಳದಂಗ ಹೊಳಿತೈತಿ" ಎನ್ನುವನು. "ಹೊಳಪು ಕುಡಿಯೂದಲ್ಲೋ ತಮ್ಮಾ, ಅದರ ಹೊಟ್ಟ್ಯಾಗ ಏನೈತಿ ಅದನ್ನ ಹೇಳು" ಎನ್ನುವ ಮುದುಕರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರ ಮಾತು ಶಾಸ್ತ್ರಸಮ್ಮತವಾದುದು. ಕಡೆಯುವುದಕ್ಕೆ ಸುಲಭವಾಗಲೆಂದು ಹಿತ್ತಾಳೆಗೆ ಅಲ್ಪಸ್ವಲ್ಪ ಸೀಸವನ್ನು ಬೆರಸುವುದುಂಟು. ಲೇಪವು ಸವೆದ ಮೇಲೆ ರಾತ್ರಿಯಿಡೀ ನಿಂತ ನೀರು ಅದನ್ನೇ ಸೋಕಿಕೊಂಡಿರುವುದು. ಪ್ಲಾಸ್ಟಿಕ್ಕಿನದು ಅಗ್ಗ, ಆದರೆ ಬಿಸಿಲಿಗೆ ಬೆಂದು ಬಿರುಕು ಬಿಡುವುದು. ಸ್ಟೇನ್‌ಲೆಸ್ ಉಕ್ಕಿನದೇ ಉತ್ತಮ. ಬೀದಿಯಲ್ಲಿರುವ ಉಕ್ಕಿನ ನಳಕ್ಕೆ ರಾತ್ರಿಯ ಹೊತ್ತು ಕಾಲು ಬರುವುದೆಂಬುದೊಂದೇ ಅದರ ದೋಷ.

ಲೋಹಕ್ಕಿಂತಲೂ ಮುಖ್ಯವಾದುದು ಮುಚ್ಚುವ ಬಗೆ. ತಿರುಪಿನಿಂದ ಬಿಲ್ಲೆಯನ್ನೊತ್ತಿ ಮುಚ್ಚುವ ನಳಕ್ಕೆ ೧೮೪೫ರಲ್ಲಿ ಇಂಗ್ಲೆಂಡಿನ ರಾದರ್‌ಹ್ಯಾಮಿನ ಗೆಸ್ಟ್ ಮತ್ತು ಕ್ರೈಮ್ಸ್ ಎಂಬವರು ಹಕ್ಕುಪತ್ರ ಪಡೆದರು. ಮನೆಯೊಳಗೆ ಅದು ಚೆನ್ನು. ಬೀದಿಯಲ್ಲಿ ಹುಡುಗರು ಅರ್ಧ ತಿರುಗಿಸಿ ಓಡುವರು. ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೆ, ೨೦ ಹನಿಗೆ ಒಂದು ಮಿಲಿಲೀಟರಿನಂತೆ, ದಿನಕ್ಕೆ ೪ ಲೀಟರಿಗೂ ಮಿಕ್ಕಿ ಹೋಗುವುದು. ೧೫ ಲೀಟರಿನ ಹರವಿಯಲ್ಲಿ ಅದು ಕಾಲುಪಾಲಿಗಿಂತಲೂ ಹೆಚ್ಚು. ಕೈ ಬಿಟ್ಟೊಡನೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗಿನ ಹಿಡಿಯ ನಳವೇ ಅರವಟ್ಟಿಗೆಗೆ ತಕ್ಕುದು.

ಈ ವಿಷಯದಲ್ಲಿ ಅನಿರೀಕ್ಷಿತವಾದ ಕಡೆಯಿಂದ ಕಲಿಯತಕ್ಕದ್ದಿದೆ. ಪಾಶ್ಚಾತ್ಯರಲ್ಲಿ ಅನೇಕರು ಮನೆಯಲ್ಲಿಯೇ ಬೀರನ್ನು ತಯಾರಿಸಿ, ಉಕ್ಕಿನ ಪೀಪಾಯಿಯಲ್ಲಿ ತುಂಬಿ, ಹಳೆಯ ರೆಫ್ರಿಜರೇಟರಿನ ಬಾಗಿಲಿಗೆ ನಳವನ್ನು ಜೋಡಿಸಿಕೊಳ್ಳುವರು. ಅರವಟ್ಟಿಗೆಯ ಪ್ರಸಂಗದಲ್ಲಿ ಮದ್ಯದ ಮಾತು ಕೆಲವರಿಗೆ ಅರುಚಿಯಾಗಬಹುದು. ನಮ್ಮ ರಾಜ್ಯದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧವೂ ಅಹುದು. ಆದರೆ ವಿದ್ಯೆಗೆ ಮೈಲಿಗೆಯಿಲ್ಲ. ಅವರ ಹಳೆಯ ನಳಗಳಲ್ಲಿ ಮುಚ್ಚುವ ಬಿಲ್ಲೆಯು ಹಿಂದುಗಡೆಯಿದ್ದು, ಮೂತಿಯಲ್ಲಿ ಉಳಿದ ಬೀರು ಗಾಳಿಗೆ ಒಣಗಿ ಅಂಟಾಗುತ್ತಿತ್ತು, ಹಿಡಿಯು ಕದಲದಾಗುತ್ತಿತ್ತು. ಮೂತಿಯ ಬಳಿಯಲ್ಲೇ ಮುಚ್ಚುವ ನಳಗಳನ್ನು ಮಾಡಿದ ಮೇಲೆ ಆ ಪೀಡೆ ತಗ್ಗಿತು. ಕೊಪ್ಪಳ ಸೀಮೆಯ ಗಡುಸುನೀರಿಗೂ ಇದೇ ನ್ಯಾಯ. ಮೂತಿಯಲ್ಲಿ ನಿಂತು ಆರಿದ ನೀರು ಸುಣ್ಣದ ಹೊಪ್ಪಳೆಯನ್ನು ಬಿಡುವುದು. ಮೂತಿ ಗಿಡ್ಡಾದಷ್ಟೂ ಒಳ್ಳೆಯದು. ಕಟ್ಟಿದ ಸುಣ್ಣವನ್ನು ಹುಣಸೆಯ ಹುಳಿಯಿಂದ ತಿಕ್ಕಬಹುದು. ಇಲ್ಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡನ್ನು ಮಾತ್ರ ನಳವಾಗಲಿ ಹರವಿಯಾಗಲಿ ತಡೆಯದು. ನೀರನ್ನು ಬೇರೆಡೆಯಿಂದಲೇ ತರಬೇಕು.

ಒಂದು ವಿಷಯದಲ್ಲಿ ಮಾತ್ರ ಪೀಪಾಯಿಗೂ ಹರವಿಗೂ ವಿರೋಧ. ಪೀಪಾಯಿಯಲ್ಲಿ ಚದರಂಗುಲಕ್ಕೆ ೧೦–೧೨ ಪೌಂಡುಗಳ ಅನಿಲದ ಒತ್ತಡವಿರುವುದರಿಂದ ನೊರೆಯುಕ್ಕದಂತೆ ಹರಿವನ್ನು ತಗ್ಗಿಸುವುದೇ ಅವರ ಚಿಂತೆ. ಹರವಿಗೆ ಗೇಣೆರಡು ಗೇಣು ನೀರಿನ ಭಾರವೇ ಗತಿ. ನಳದ ಮೇಲಣ ನೀರಿನ ಎತ್ತರವು ಕಾಲುಭಾಗಕ್ಕಿಳಿದರೆ ಹರಿವಿನ ವೇಗವು ಅರ್ಧವಾಗುವುದೆಂಬುದು ೧೭ನೆಯ ಶತಮಾನದಲ್ಲಿ ಟಾರಿಚೆಲ್ಲಿಯು ಕಂಡ ನಿಯಮ. ಆದುದರಿಂದ ಅಗಲವಾದ ರಂಧ್ರದ ನಳವನ್ನೇ ಕೊಳ್ಳಬೇಕು, ಮುಚ್ಚಳದಲ್ಲಿ ಗಾಳಿಗೆ ಸಂದು ಬಿಡಬೇಕು. ತೂತನ್ನು ಕುಂಬಾರನು ಸುಡುವುದಕ್ಕೆ ಮೊದಲೇ, ತಳದಿಂದ ಎರಡು ಬೆರಳು ಮೇಲೆ ಮಾಡಿಕೊಟ್ಟರೆ ಗಸಿಯು ಕೆಳಗೇ ನಿಲ್ಲುವುದು. ಒಳಗೊಂದು ಹೊರಗೊಂದು ರಬ್ಬರಿನ ವಾಶರು. ಬಿಗಿಯು ಕೈಬಲದಷ್ಟೇ ಸಾಕು, ಇಕ್ಕಳ ಹಾಕಿದರೆ ಹರವಿ ಸೀಳುವುದು.

ಕಡೆಯದಾಗಿ ಲೋಟದ ಮಾತು. ಇಬ್ಬಗೆಯ ಲೋಟಗಳ ಪದ್ಧತಿಯನ್ನು ಕಂಡ ನಾಡಿದು. ನಳವನ್ನು ತಗ್ಗಿನಲ್ಲಿಟ್ಟು ಲೋಟವಿಲ್ಲದೆ ಕುಡಿಯಲಾಗದಂತೆ ಮಾಡಿದರೆ, ಅದು ಯಾರ ಲೋಟವೆಂಬ ಹಳೆಯ ಪ್ರಶ್ನೆ ಮರಳಿ ಬರುವುದು. ಆದುದರಿಂದ ಕಟ್ಟೆಯನ್ನು ನಳವು ಎದೆಮಟ್ಟಕ್ಕೆ ಬರುವಂತೆ ಕಟ್ಟುವುದು ಮೇಲು. ಹಿಡಿಯನ್ನು ಮೊಳಕೈಯಿಂದ ಒತ್ತಿ ಬೊಗಸೆಯಲ್ಲಿಯೇ ಕುಡಿಯಬಹುದು. ಮಕ್ಕಳಿಗಾಗಿ ಕೆಳಗೊಂದು ಚಪ್ಪಟೆಯಾದ ಕಲ್ಲನ್ನು ಹಾಕಬೇಕು, ಚೆಲ್ಲಿದ ನೀರು ಹರಿಯುವ ಕಡೆ ಒಂದು ಬೇವಿನ ಸಸಿಯನ್ನು ನೆಡಬೇಕು.