ಮನೆಯೊಳಗೊಂದು ಅಂಚೆ ಕಚೇರಿ

ವಾಸ್ಕೋದ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಚಪ್ಪಲಿ ಇಡುವ ಗೂಡಿನ ಮೇಲೆ, ಒಂದು ಹಳೆಯ ಕಂಪ್ಯೂಟರು ಆರು ವರ್ಷಗಳಿಂದ ಹಗಲಿರುಳು ಗುಂಯ್‌ಗುಡುತ್ತಿದೆ. ಮನೆಯ ಒಡತಿ ಬಾಡಿಗೆಗೆ ಬಂದಾಗಲೆಲ್ಲ "ಕಿತೆಂ ಹೆಂ, ಮಾಸ್ತರ್?" ಎಂದು ಕೇಳುತ್ತಾರೆ. ನಾವು "ಪೋಸ್ಟ್ ಆಫೀಸು" ಎನ್ನುತ್ತೇವೆ. ಅವರು ನಗುತ್ತಾರೆ. ನಾವು ಹೇಳಿದ್ದಾದರೋ ನಿಜವೇ.

ಈ ಊರಿಗೆ ಬಂದ ಹೊಸತರಲ್ಲಿ, ಶಾಲೆ ಬಿಟ್ಟ ಮೇಲೆ ಪಾಲಕರಿಗೆ ಕಾಗದ ಬರೆದುಕೊಡುವುದು ನಮಗೊಂದು ನಿತ್ಯದ ಕೆಲಸವಾಗಿತ್ತು. ವಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದ ದುಡಿಯಲು ಬಂದವರು. ಹೇಳುತ್ತಿದ್ದರು, ನಾವು ಬರೆಯುತ್ತಿದ್ದೆವು. ಮುಂದೆ ಅವರ ಮಕ್ಕಳು ನಮ್ಮಲ್ಲಿ ಕಲಿತು ಊರೂರು ಸೇರಿ ಈಮೇಲ್ ಬರೆಯತೊಡಗಿದರು. ಅವನ್ನೆಲ್ಲ ಒಂದು ಉಚಿತ ಸೇವೆಯವರ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ಮನೆಯ ತಾಪತ್ರಯದಲ್ಲಿ ಬಹುಕಾಲ ತೆರೆಯದೆ ಬಿಟ್ಟು, ಮರಳಿ ತೆರೆದರೆ ಪೆಟ್ಟಿಗೆ ಬರಿದು! ನಿಯಮದ ಪ್ರಕಾರ ಅಳಿಸಿದರಂತೆ. ಆ ನಿಯಮಕ್ಕೆ ನಾವೇ ಒಪ್ಪಿಗೆ ಕೊಟ್ಟಿದ್ದೆವಂತೆ. ಇನ್ನು ನಮ್ಮ ಅಂಚೆ ನಮ್ಮ ಮನೆಯಲ್ಲೇ ಇರಲಿ ಎಂದು ಅಂದೇ ಹಟ ತೊಟ್ಟೆವು.

ಇದೇನೂ ಹುಚ್ಚಲ್ಲ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ಒಂದು ಯಂತ್ರದಿಂದ ಇನ್ನೊಂದಕ್ಕೆ ಪತ್ರ ಕಳಿಸಿದಾಗ, ಹೆಸರಿಗೂ ಯಂತ್ರಕ್ಕೂ ನಡುವೆ @ ಗುರುತನ್ನು ಹಾಕಿದರು. ಇಂಥವನು, ಇಂಥ ಯಂತ್ರದಲ್ಲಿ ಎಂದು ಅರ್ಥ. 1982ರಲ್ಲಿ ಈ ಸಾಗಾಟಕ್ಕೆ ನಿಯಮಗಳಾದವು. ಆಗ ಒಂದೊಂದು ವಿದ್ಯಾಲಯವೂ ತನ್ನ ಅಂಚೆಯನ್ನು ತಾನೇ ನೋಡಿಕೊಳ್ಳುತ್ತಿತ್ತು. 1996ರಲ್ಲಿ, ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಗೆಳೆಯನೊಡನೆ ಹಾಟ್‌ಮೇಲ್ ತೆರೆದರು. 2004ರಲ್ಲಿ ಜಿಮೇಲ್ 1 ಗಿಗಾಬೈಟ್ ಜಾಗವನ್ನು ಪುಕ್ಕಟೆ ಕೊಟ್ಟಿತು. ಪುಕ್ಕಟೆ ಸಿಕ್ಕಾಗ ಮನೆಯಲ್ಲಿ ಅಡುಗೆ ಮಾಡುವವರು ಯಾರು?

ನಾವು ಮಾಡಿದೆವು. ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. ಹೆಸರು ಕೊಂಡದ್ದಾಯಿತು, ಬದಲಾಗದ ಅಂತರ್ಜಾಲ ಸಂಖ್ಯೆಗೆ ತಿಂಗಳಿಗಿಷ್ಟು ಎಂದು ಕಟ್ಟಿದ್ದಾಯಿತು, ಬ್ಯಾಟರಿಯೂ ಬಂತು. ಗೋವೆಯ ಮಳೆಗಾಲದಲ್ಲಿ ಕರೆಂಟು ಹೋದರೆ ಪತ್ರ ಕಳೆಯುವುದೇ ಎಂಬ ಅಂಜಿಕೆಯಿತ್ತು, ಹಾಗಿಲ್ಲ. ನಮ್ಮ ಯಂತ್ರ ಮಲಗಿದ್ದರೆ ಕಳಿಸಿದ ಯಂತ್ರ ನಾಲ್ಕೈದು ದಿನ ಮತ್ತೆ ಮತ್ತೆ ಬಂದು ಬಾಗಿಲು ತಟ್ಟುತ್ತದೆ. ಕನ್ನಡ ಲಿಪಿಯಲ್ಲೇ ವಿಳಾಸ ಇಡಲು 2012ರಿಂದ ನಿಯಮವುಂಟೆಂದು ತಿಳಿದು ಅದನ್ನೂ ಇಟ್ಟೆವು. ಎಷ್ಟೋ ಕಡೆ ಆ ವಿಳಾಸವನ್ನು ಕಂಡೊಡನೆ ತಪ್ಪೆಂದು ಹಿಂದಿರುಗಿಸುತ್ತಾರೆ. ಕನ್ನಡ ಮಾಸ್ತರನಿಗೆ ಅದು ಹೊಸ ಅನುಭವವೇನಲ್ಲ.

ಪತ್ರ ಬರುವುದು ಸುಲಭ, ಹೋಗುವುದೇ ಕಷ್ಟ. ಮನೆಯ ಸಂಪರ್ಕದಿಂದ ಹೊರಟ ಪತ್ರವೆಂದರೆ ದೊಡ್ಡ ಸೇವೆಗಳಿಗೆ ಸಂಶಯ. ಕಳ್ಳರು ಇಂಥ ಮನೆಯ ಯಂತ್ರಗಳನ್ನು ಹಿಡಿದು ಲಕ್ಷಗಟ್ಟಲೆ ಕಸದ ಪತ್ರ ಕಳಿಸಿದ್ದರಿಂದ, ಪತ್ರ ಹೊರಡುವ 25ನೆಯ ಸಂಖ್ಯೆಯ ಬಾಗಿಲನ್ನೇ ಅನೇಕ ಸಂಪರ್ಕ ಕಂಪನಿಗಳು ಮುಚ್ಚಿಬಿಟ್ಟಿವೆ. ನಮ್ಮದನ್ನು ಅರ್ಜಿ ಹಾಕಿ ತೆರೆಸಿದೆವು. ಪತ್ರ ನಮ್ಮದೇ ಎಂದು ತೋರಿಸುವ ಸಹಿ, ಮುದ್ರೆಗಳನ್ನೆಲ್ಲ ಹೊಂದಿಸಿದೆವು. ಆದರೂ ನಮ್ಮ ಸಂಖ್ಯೆಯ ನೆರೆಹೊರೆಯವರು ಎಂದೋ ಕೆಟ್ಟ ಹೆಸರು ತೆಗೆದುಕೊಂಡಿದ್ದರೆ ಅದು ನಮಗೂ ಅಂಟುತ್ತದೆ.

ಇದರ ಬೆಲೆಯನ್ನು ತೆತ್ತವರು ಬೇರೆಯವರು. ಎರಡು ವರ್ಷದ ಹಿಂದೆ ಹತ್ತನೆಯ ತರಗತಿ ಮುಗಿಸಿದ ನಮ್ಮ ವಿದ್ಯಾರ್ಥಿನಿಯೊಬ್ಬಳಿಗೆ ಧಾರವಾಡದಲ್ಲಿ ಕಾಲೇಜು ಸಿಕ್ಕಿತು. ವಸತಿಗೃಹಕ್ಕೆ ಶಾಲೆಯಿಂದ ಶಿಫಾರಸು ಪತ್ರ ಬೇಕಾಗಿತ್ತು. ಮುಖ್ಯಾಧ್ಯಾಪಕರ ಸಹಿ ಮಾಡಿಸಿ, ನಮ್ಮ ಯಂತ್ರದ ಬಗ್ಗೆ ಸ್ವಲ್ಪ ಜಂಬದಿಂದಲೇ, ಮನೆಯಿಂದ ಕಳಿಸಿದೆವು. ಯಂತ್ರದ ದಿನಚರಿಯಲ್ಲಿ 250 ಎಂಬ ಅಂಕಿ ಮೂಡಿತು. ಆ ಕಡೆಯ ಯಂತ್ರ ಪತ್ರವನ್ನು ಸ್ವೀಕರಿಸಿತು ಎಂದರ್ಥ. ಅವಳ ತಂದೆ ಗೌಂಡಿ ಕೆಲಸದವರು. ದಿನಾಲೂ ಸಂಜೆ ಸಿಮೆಂಟಿನ ಕೈಯಲ್ಲೇ ಬಂದು "ಪತ್ರ ಮುಟ್ಟೇತೇನ್ರಿ ಸರ?" ಎಂದು ಕೇಳುವರು. "ಮುಟ್ಟಿದೆ, ಚಿಂತಿಸಬೇಡಿ" ಎಂದು ನಾವು ಹೇಳುವೆವು. ಕೊನೆಯ ದಿನದ ಮರುದಿನ ಫೋನ್ ಮಾಡಿದಾಗ ಗೊತ್ತಾಯಿತು: ಪತ್ರ ಅವರ ಕಸದ ಪೆಟ್ಟಿಗೆಯಲ್ಲಿ ಬಿದ್ದಿತ್ತು, ಯಾರೂ ನೋಡಿರಲಿಲ್ಲ. ಸ್ವೀಕರಿಸುವುದು ಬೇರೆ, ಓದುವುದು ಬೇರೆ ಎಂದು ನಮಗೆ ಹೊಳೆದಿರಲಿಲ್ಲ. ಆ ತಂದೆ ಕಾಗದದ ಪ್ರತಿಯನ್ನು ಹಿಡಿದುಕೊಂಡು ರಾತ್ರಿ ಬಸ್ಸಿಗೆ ಹೋದರು. ಎರಡು ದಿನದ ಕೂಲಿ ಹೋಯಿತು. ಜಾಗವೂ ಬೇರೆಯವರಿಗೆ ಹೋಗಿತ್ತು. ಹುಡುಗಿ ಮೂರು ವಾರ ಹುಬ್ಬಳ್ಳಿಯ ಬಂಧುಗಳ ಮನೆಯಿಂದ ಓಡಾಡಿದಳು, ಆಮೇಲೆ ಒಂದು ಮಂಚ ತೆರವಾಯಿತು. ತಂದೆ ನಮಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ತಿಂಗಳೇ ಶಾಲೆಗೆ ಸಂಬಂಧಿಸಿದ ಪತ್ರಗಳನ್ನೆಲ್ಲ ಹಣ ಕೊಟ್ಟು ನಡೆಸುವ ಸೇವೆಗೆ ಒಪ್ಪಿಸಿದೆವು. ಆದರೆ @ ಗುರುತಿನ ಆಚೆಯ ಹೆಸರನ್ನು ಮಾತ್ರ ಬಿಡಲಿಲ್ಲ, ಅದು ನಮ್ಮದೇ. ಸೇವೆ ಹಿಡಿಸದಿದ್ದರೆ ಹೆಸರಿನ ಸಮೇತ ಇನ್ನೊಂದು ಮನೆಗೆ ಹೋಗಬಹುದು. ಕೇಂದ್ರ ಸರಕಾರವೂ ತನ್ನ ನೌಕರರ ಅಂಚೆಯನ್ನು ಜೊಹೊ ಎಂಬ ತಮಿಳುನಾಡಿನ ಕಂಪನಿಯ ವ್ಯವಸ್ಥೆಗೆ ಸಾಗಿಸಿದೆಯೆಂದು 2025ರಲ್ಲಿ ಪತ್ರಿಕೆಗಳಲ್ಲಿ ಓದಿದೆವು. ವಿಳಾಸದ ತುದಿಯಲ್ಲಿರುವುದು ಮಾತ್ರ ಸರಕಾರದ ಹೆಸರೇ. ಎಲ್ಲ ಪತ್ರಗಳ ಒಂದು ಪ್ರತಿ ದಿನವೂ ರಾತ್ರಿ ನಮ್ಮ ಪಡಸಾಲೆಯ ಯಂತ್ರಕ್ಕೆ ಇಳಿಯುತ್ತದೆ. ಬರಿದಾದ ಪೆಟ್ಟಿಗೆಯನ್ನು ಇನ್ನೊಮ್ಮೆ ನೋಡುವ ಶಕ್ತಿ ನಮಗಿಲ್ಲ.

ಹಳೆಯ ವಿದ್ಯಾರ್ಥಿಗಳ ಪತ್ರಗಳು ಮಾತ್ರ ಇಂದಿಗೂ ಮನೆಯ ವಿಳಾಸಕ್ಕೇ ಬರುತ್ತವೆ. ಹೋದ ಮಳೆಗಾಲದಲ್ಲಿ ತೆಂಗಿನ ಮರವೊಂದು ತಂತಿಯ ಮೇಲೆ ಉರುಳಿ ಎರಡು ದಿನ ಕರೆಂಟಿರಲಿಲ್ಲ, ಬ್ಯಾಟರಿಯೂ ಕೈಕೊಟ್ಟಿತು. ಮೂರನೆಯ ದಿನ ಯಂತ್ರ ಎಚ್ಚರವಾಗುತ್ತಲೇ, ಬಾಗಿಲಲ್ಲಿ ಕಾದಿದ್ದ ಪತ್ರಗಳು ಒಂದೊಂದಾಗಿ ಒಳಗೆ ಬಂದವು. ಅವುಗಳಲ್ಲಿ ಧಾರವಾಡದ್ದೂ ಒಂದು. ಹಾಸ್ಟೆಲಿನ ಸಾರಿಗೆ ಉಪ್ಪು ಹೆಚ್ಚಂತೆ. ಅಪ್ಪನಿಗೆ ಮಾತ್ರ ಇದನ್ನು ಹೇಳಬಾರದಂತೆ.