ಟೈಲ್ಸ್ ಕೆಳಗಿನ ಫೋಟೋ

ಫಸ್ಟ್ ಫೋಟೋ ನೋಡಿ. ಬರೀ ಸಿಮೆಂಟು, ಮಧ್ಯೆ ಒಂದು ಪೈಪು, ಪಕ್ಕದಲ್ಲಿ ಬಿಚ್ಚಿಟ್ಟ ಟೇಪು. ಲೈಕ್ ಬರೋ ಫೋಟೋ ಅಲ್ಲ, ಗೊತ್ತು. ಆದ್ರೂ ಓದಿ.

ನಮ್ಮಪ್ಪ ಟೈಲ್ಸ್ ಕೆಲಸ ಮಾಡ್ತಾರೆ. ಭಾನುವಾರ ನಾನೂ ಹೋಗ್ತೀನಿ. ಹೋದ ತಿಂಗಳು ನಮ್ಮ ಟಿ. ದಾಸರಹಳ್ಳಿಯಲ್ಲೇ ಒಂದು ಮನೆ. ಲೆವೆಲ್ ಟ್ಯೂಬಿನ ಒಂದು ತುದಿ ಅಪ್ಪನ ಕೈಲಿ, ಇನ್ನೊಂದು ನನ್ನ ಕೈಲಿ. ಎರಡೂ ಕಡೆ ನೀರು ನಿಂತ ಮಟ್ಟಕ್ಕೆ ಗೋಡೆ ಮೇಲೆ ಗುರುತು ಹಾಕಿ, ಅಲ್ಲಿಂದ ಕೆಳಕ್ಕೆ ಅಳೆದ್ರೆ ನೆಲ ಎಲ್ಲಿ ತಗ್ಗು ಅಂತ ಗೊತ್ತಾಗತ್ತೆ. ಬಾಗಿಲ ಹತ್ರ ಮುಕ್ಕಾಲು ಇಂಚು ತಗ್ಗಿತ್ತು. ಪ್ಲಗ್ ಪಾಯಿಂಟಿಗೆ ಹೋಗೋ ವೈರಿನ ಪೈಪೂ ಅಲ್ಲೇ. "ಫೋಟೋ ತೆಕ್ಕೊಳೋ" ಅಂದ್ರು ಅಪ್ಪ. ರೀಲ್ಸ್ ನೋಡ್ತಾನೇ "ಹೂಂ" ಅಂದೆ. ಗಾರೆ ಹಾಕಿ ಮುಚ್ಚಿದ್ವಿ.

ಟೈಲ್ಸ್ ಕೂತ ಮೇಲೆ ಡೋರ್ ಸ್ಟಾಪರ್‌ಗೆ ಡ್ರಿಲ್ ಹಾಕಿದ್ದು ನಾನೇ. ಟಪ್ ಅಂತ ಕರೆಂಟ್ ಹೋಯ್ತು. ಟೈಲ್ಸ್ ಒಡೆದು, ವೈರ್ ಬದಲಾಯಿಸಿ, ಮತ್ತೆ ಹಾಕೋಕೆ ಅಪ್ಪನ 2 ದಿನದ ಕೂಲಿ ಹೋಯ್ತು. ಮನೆಯವರ ಮುಂದೆ ಅಪ್ಪ "ತಪ್ಪು ನಂದೇ" ಅಂದುಬಿಟ್ರು.

ಆ ರಾತ್ರಿ ಯೂಟ್ಯೂಬ್ ತಡಕಾಡಿದೆ. ಚಳಿ ದೇಶಗಳಲ್ಲಿ ನೆಲ ಬೆಚ್ಚಗಿರಲಿ ಅಂತ ಟೈಲ್ಸ್ ಕೆಳಗೇ ಕರೆಂಟ್ ವೈರ್ ಹಾಸ್ತಾರೆ. ಅದನ್ನ ಮುಚ್ಚೋ ಮುಂಚೆ, ಮುಚ್ಚಿದ ಮೇಲೆ ಮಲ್ಟಿಮೀಟರ್‌ನಲ್ಲಿ ರೆಸಿಸ್ಟೆನ್ಸ್ ಅಳೆದು ಬರೆದಿಡ್ತಾರೆ. ಬಿಕಾಂನವರಿಗೆ ಹೇಳ್ಬೇಕಾ? ವೋಚರ್ ಇಲ್ದೆ ಎಂಟ್ರಿ ಇಲ್ಲ.

ನಿಮ್ಮನೇಲಿ ಟೈಲ್ಸ್ ಕೆಲಸ ನಡೀತಿದ್ರೆ, ಗೋಡೆಯಿಂದ ಪೈಪಿಗೆ ಟೇಪ್ ಹಿಡಿದು ಇವತ್ತೇ ಫೋಟೋ ತೆಗೆದಿಡಿ. ಈಗ ನಾನು ತೆಗೆದು ಅಪ್ಪನಿಗೆ ತೋರಿಸ್ತೀನಿ. ಅವರು ನೋಡಿದ ಮೇಲೇ ಕರಣೆ ಎತ್ಕೋತಾರೆ.